ಮೂರನೇ ಮಹಡಿಯ ಮುಸುರೆ: ಪುಟ್ಟ ಅಡುಗೆಮನೆಯಲ್ಲಿ ಕಟ್ಟೆಯ ಮೇಲಿನ ಡಿಶ್‌ವಾಷರ್ ಬಳಸುವ ಬಗೆ

ನಮ್ಮ ಮನೆಯಲ್ಲಿ ಮುಸುರೆ ನನ್ನ ಪಾಲಿನ ಕೆಲಸ. ಹೆಂಡತಿಗೆ ಆಸ್ಪತ್ರೆಯಲ್ಲಿ ಪಾಳಿಯ ಡ್ಯೂಟಿ. ಅವಳು ಅಡುಗೆ ಮಾಡಿದ ದಿನ ನಾನು ತೊಳೆಯಬೇಕು. ನಾನು ಅಡುಗೆ ಮಾಡಿದ ದಿನ, ಅದೇಕೋ, ಆಗಲೂ ನಾನೇ ತೊಳೆಯಬೇಕು. ದಾವಣಗೆರೆಯ ವಿದ್ಯಾನಗರದ ಕಡೆ ಲಿಫ್ಟ್ ಇಲ್ಲದ ಒಂದು ಚಿಕ್ಕ ಅಪಾರ್ಟ್‌ಮೆಂಟಿನ ಕೊನೆಯ ಮಹಡಿ ನಮ್ಮದು. ಅಡುಗೆಮನೆ ಎಂದರೆ ಎಂಟಡಿ ಉದ್ದದ ಗ್ರಾನೈಟ್ ಕಟ್ಟೆ, ಈ ತುದಿಗೆ ಸಿಂಕ್, ಆ ತುದಿಗೆ ಗ್ಯಾಸ್ ಒಲೆ. ನೆಲದ ಮೇಲೆ ನಿಲ್ಲುವ ದೊಡ್ಡ ಡಿಶ್‌ವಾಷರ್‌ಗೆ ಜಾಗವಿಲ್ಲ. ಹಾಗಾಗಿ ಎರಡು ವರ್ಷದ ಹಿಂದೆ ಕಟ್ಟೆಯ ಮೇಲೆ ಕೂರುವ ಚಿಕ್ಕದನ್ನು ತಂದೆವು.

ಮೊದಲ ತಿಂಗಳು ಅದು ಪಾತ್ರೆ ತೊಳೆದದ್ದಕ್ಕಿಂತ ಬೈಸಿಕೊಂಡದ್ದೇ ಹೆಚ್ಚು. ಗಾಜಿನ ಲೋಟಗಳು ಸುಣ್ಣದ ತಿಳಿಯಲ್ಲಿ ಅದ್ದಿ ತೆಗೆದಂತೆ ಬೆಳ್ಳಗಾದವು. ಒಂದು ರಾತ್ರಿ ಅಡುಗೆಮನೆಯ ತುಂಬ ನೀರು. ವಾರಕ್ಕೆ ಎರಡು ಸಲವಾದರೂ ಅರ್ಧಕ್ಕೇ ನಿಂತು ಕೀಂಗುಟ್ಟುತ್ತಿತ್ತು. ಯಂತ್ರವೇ ಕೆಟ್ಟದ್ದು ಎಂದುಕೊಂಡು ಅಂಗಡಿಗೆ ಹೋಗಿ ಜಗಳವಾಡಿ ಬಂದೆ. ಯಂತ್ರ ಚೆನ್ನಾಗಿಯೇ ಇತ್ತು. ಸಂಪಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ನಲ್ಲಿಗೆ ಬರುವ ನಮ್ಮ ನೀರು ಎಂಥದ್ದು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಆದ್ದರಿಂದ ಈ ಮಾರ್ಗದರ್ಶಿ ಯಂತ್ರದಿಂದ ಶುರುವಾಗುವುದಿಲ್ಲ.

ಕೊಳ್ಳುವ ಮೊದಲು ನೀರು ನೋಡಿ

ನಮ್ಮ ಊರಿನ ನಲ್ಲಿಗೆ ಬರುವುದು ಹೊಳೆಯ ನೀರು: ಭದ್ರಾ ನಾಲೆಯಿಂದ ಕುಂದವಾಡ ಕೆರೆಗೂ ಟಿ.ವಿ. ಸ್ಟೇಷನ್ ಕೆರೆಗೂ ಬಿಟ್ಟದ್ದು, ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ಎತ್ತಿದ್ದು. ಬೋರ್‌ವೆಲ್ ನೀರಿನ ಪಕ್ಕದಲ್ಲಿಟ್ಟರೆ ಅದು ಮೆದು ನೀರು. ತೊಡಕೇನೆಂದರೆ, ನಮ್ಮಂಥ ಅಪಾರ್ಟ್‌ಮೆಂಟಿನಲ್ಲಿ ಎರಡೂ ಒಂದೇ ಸಂಪಿಗೆ ಬೀಳುತ್ತವೆ. ನಲ್ಲಿ ಬಿಟ್ಟ ದಿನ ನೀರಿನ ಗುಣ ಒಂದು, ಬಿಡದ ದಿನ ಇನ್ನೊಂದು. ನಾಲೆ ನಿಂತ ಬೇಸಿಗೆಯಲ್ಲಂತೂ ಬೋರ್‌ವೆಲ್ಲೇ ಗತಿ.

ಇದನ್ನು ಮೊದಲು ಕಂಡುಹಿಡಿದವಳು ಜಗಳೂರಿನ ಕಡೆಯಿಂದ ಬಂದ ನಮ್ಮ ಅವ್ವ. ಬಂದ ದಿನವೇ ತೊಗರಿಬೇಳೆಗೆ ಇಟ್ಟು, ಕುಕ್ಕರ್ ಮುಚ್ಚಳ ತೆಗೆದು ನೋಡಿ, "ಇದು ಬೋರಿನ ನೀರು ಕಣಪ್ಪ. ನಾಲ್ಕು ಸೀಟಿ ಕೂಗಿದರೂ ಬೇಳೆ ಕಾಳುಕಾಳಾಗಿಯೇ ಕೂತಿದೆ" ಎಂದಳು. ಅವಳ ಪರೀಕ್ಷೆ ಸರಿಯಾದದ್ದೇ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಬೇಳೆ ಬೇಗ ಕರಗುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ, ಗೀಸರ್ ಒಳಗೆ ಬಿಳಿ ಚಕ್ಕೆ ಕಟ್ಟುತ್ತದೆ. ಡಿಶ್‌ವಾಷರ್ ನೀರನ್ನು ಕಾಯಿಸುವ ಯಂತ್ರವೂ ಹೌದಾದ್ದರಿಂದ ಅದೇ ಚಕ್ಕೆ ಅದರ ಹೀಟರ್ ಮೇಲೂ ನಿಮ್ಮ ಲೋಟಗಳ ಮೇಲೂ ಕಟ್ಟುತ್ತದೆ.

ಬೇಳೆ ಬೇಯುವುದನ್ನು ನೋಡಿ ಅಂದಾಜು ಸಿಗುತ್ತದೆ, ಯಂತ್ರಕ್ಕೆ ಸಂಖ್ಯೆ ಬೇಕು. ನೀರಿನ ಗಡಸುತನ ಅಳೆಯುವ ಹನಿ ಕಿಟ್ ಸಿಗುತ್ತದೆ. ಅಳತೆಯ ನೀರಿಗೆ ಬಣ್ಣದ ದ್ರಾವಣ ಹಾಕಿ, ಇನ್ನೊಂದು ಬಾಟಲಿಯಿಂದ ಹನಿ ಹನಿಯಾಗಿ ಬಿಡುತ್ತ ಕೆಂಪು ತಿರುಗಿ ನೀಲಿಯಾಗುವವರೆಗೆ ಎಣಿಸುವುದು, ಅಷ್ಟೇ. ಕುಡಿಯುವ ನೀರಿನ ಫಿಲ್ಟರ್ ರಿಪೇರಿಯವರು ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಈ ಕೆಲಸಕ್ಕೆ ಬಾರದು. ಅದು ನೀರಿನಲ್ಲಿ ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ಹೇಳುತ್ತದೆ, ಗಡಸುತನವನ್ನು ಬೇರೆಯಾಗಿ ಹೇಳುವುದಿಲ್ಲ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಡಿಶ್‌ವಾಷರ್ ಕೈಪಿಡಿಗಳು ಮಾತ್ರ ಹೆಚ್ಚಾಗಿ ಜರ್ಮನ್ ಡಿಗ್ರಿಯಲ್ಲಿ ಮಾತನಾಡುತ್ತವೆ. ನಿಮ್ಮ ಮಿಲಿಗ್ರಾಂ ಸಂಖ್ಯೆಯನ್ನು 18ರಿಂದ ಭಾಗಿಸಿದರೆ ಹತ್ತಿರದ ಡಿಗ್ರಿ ಸಿಗುತ್ತದೆ. 360 ಬಂದರೆ 20 ಡಿಗ್ರಿ. ನಲ್ಲಿ ನೀರು ಬಾರದ ವಾರದಲ್ಲೊಮ್ಮೆ ಅಳೆಯಿರಿ, ಕೆಟ್ಟ ದಿನದ ಲೆಕ್ಕವನ್ನೇ ಇಟ್ಟುಕೊಳ್ಳಿ.

ಇನ್ನು ಒತ್ತಡ. ನಲ್ಲಿಗೆ ಜೋಡಿಸುವ ಯಂತ್ರಗಳಲ್ಲಿ ಅನೇಕವು ಕನಿಷ್ಠ 0.4 ಬಾರ್ ಒತ್ತಡ ಕೇಳುತ್ತವೆ. ಅಂದರೆ ಟ್ಯಾಂಕಿನ ನೀರಿನ ಮಟ್ಟ ನಿಮ್ಮ ನಲ್ಲಿಗಿಂತ ಸುಮಾರು 4 ಮೀಟರ್ ಮೇಲಿರಬೇಕು. ಕೆಳಮಹಡಿಯವರಿಗೆ ಚಿಂತೆಯಿಲ್ಲ. ಟ್ಯಾಂಕಿನ ಕೆಳಗೇ ವಾಸಿಸುವ ನಮ್ಮಂಥವರಿಗೆ ನೀರು ಬೇಗ ಬರುತ್ತದೆ ಎಂಬ ಭ್ರಮೆ ಇರುತ್ತದೆ. ನಿಜಕ್ಕೂ ಒತ್ತಡ ಅತಿ ಕಡಿಮೆ ಇರುವುದು ನಮಗೇ. ನಮ್ಮ ಯಂತ್ರ ಅರ್ಧಕ್ಕೆ ನಿಂತು ಕೂಗುತ್ತಿದ್ದುದು ಟ್ಯಾಂಕ್ ಅರ್ಧವಾದ ದಿನಗಳಲ್ಲಿ ಎಂಬುದು ನನಗೆ ಹೊಳೆಯಲು ಮೂರು ವಾರ ಹಿಡಿಯಿತು. ನೀರು ಒಳಬರಲು ಇಷ್ಟು ನಿಮಿಷ ಎಂದು ಅದಕ್ಕೆ ಒಂದು ಗಡುವಿದೆ, ಮೀರಿದರೆ ಕೆಲಸ ನಿಲ್ಲಿಸುತ್ತದೆ. ಸಣ್ಣ ಪ್ರೆಷರ್ ಪಂಪ್ ಹಾಕಿಸಿದ ಮೇಲೆ ಆ ಕೂಗು ನಿಂತಿತು.

ಯಾವುದನ್ನು ತರಬೇಕು

ಕಟ್ಟೆಯ ಮೇಲಿನ ಯಂತ್ರಗಳಲ್ಲಿ ಎರಡು ಜಾತಿ. ಒಂದು ನಲ್ಲಿಗೆ ಪೈಪ್ ಜೋಡಿಸುವಂಥದ್ದು. ಇನ್ನೊಂದು ಮೇಲಿನ ಬಾಯಿಯಿಂದ ಜಗ್ಗಿನಲ್ಲಿ ಸುಮಾರು 5 ಲೀಟರ್ ನೀರು ಸುರಿಯುವಂಥದ್ದು. ಬಾಡಿಗೆ ಮನೆಯವರಿಗೆ, ಮಾಲೀಕರ ಗೋಡೆಗೆ ಕೈ ಹಚ್ಚಲಾಗದವರಿಗೆ ಎರಡನೆಯದೇ ಸಲೀಸು. ಅದರಲ್ಲಿ ಹಿಡಿಯುವ ಪಾತ್ರೆ ಕಡಿಮೆ, ದಿನಾ ನೀರು ಹೊರುವುದೂ ತಪ್ಪದು. ಒತ್ತಡದ ಗೊಡವೆ ಮಾತ್ರ ಇಲ್ಲ, ನೀರನ್ನು ನೀವೇ ಆರಿಸಬಹುದು. ಒಂದು ಎಚ್ಚರಿಕೆ: ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಪಾತ್ರೆಗೆ ಬಳಸುವ ರೂಢಿ ನಮ್ಮಲ್ಲಿದೆ. ಉಳಿತಾಯದ ದೃಷ್ಟಿಯಿಂದ ಒಳ್ಳೆಯ ರೂಢಿ, ಆದರೆ ಆ ನೀರನ್ನು ಯಂತ್ರಕ್ಕೆ ಹಾಕಬೇಡಿ. ಲವಣವೆಲ್ಲ ಸೇರಿಕೊಂಡಿರುವುದು ಅದರಲ್ಲೇ.

ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ: ಇದರಲ್ಲಿ ಉಪ್ಪಿನ ಅರೆ ಇದೆಯೇ? ಅಂದರೆ ಉಪ್ಪು ತುಂಬುವ ಖಾನೆ; ಅದರ ನೆರವಿನಿಂದ ನೀರು ಮೆದು ಮಾಡುವ ವ್ಯವಸ್ಥೆ ಎಲ್ಲ ಚಿಕ್ಕ ಯಂತ್ರಗಳಲ್ಲೂ ಇರುವುದಿಲ್ಲ. ಬಾಗಿಲು ತೆಗೆದು ನೋಡಿ. ತಳದಲ್ಲಿ ತಿರುಗಿಸಿ ತೆಗೆಯುವ ಅಗಲ ಮುಚ್ಚಳವೊಂದು, ಫಿಲ್ಟರ್ ಬಿಟ್ಟು ಬೇರೆಯಾಗಿ, ಇರಬೇಕು. ಬೋರ್‌ವೆಲ್ ನೀರಿನ ಮನೆಗೆ ಅದಿಲ್ಲದ ಯಂತ್ರ ತರುವುದು ದಂಡ. ಬಣ್ಣ, ವೈಫೈ, ಹಣ್ಣು ತೊಳೆಯುವ ಪ್ರೋಗ್ರಾಂ, ಇವೆಲ್ಲ ಆಮೇಲೆ.

ಅಳತೆ. 6 ಜನರ ಊಟದ ತಟ್ಟೆ ಲೋಟ ಹಿಡಿಯುವ ಮಾದರಿಗಳು ಸಾಮಾನ್ಯವಾಗಿ 55 ಸೆಂ.ಮೀ. ಅಗಲ, 50 ಸೆಂ.ಮೀ. ಆಳ, 45 ಸೆಂ.ಮೀ. ಆಸುಪಾಸಿನ ಎತ್ತರ. ನಮ್ಮ ಕಡೆಯ ಅಡುಗೆ ಕಟ್ಟೆಗಳು ಎರಡಡಿ ಆಳ, ಕೂರಲು ತೊಂದರೆಯಿಲ್ಲ. ಹೆಚ್ಚಿನವರು ಮರೆಯುವುದು ಬಾಗಿಲನ್ನು. ಅದು ಕೆಳಕ್ಕೆ ಬಾಗಿ ಮುಂದೆ ಚಾಚಿಕೊಳ್ಳುತ್ತದೆ, ಕಟ್ಟೆ ದಾಟಿ ಗೇಣಿಗಿಂತ ಹೆಚ್ಚು ಹೊರಗೆ ಬರುತ್ತದೆ. ಕಿರಿದಾದ ಅಡುಗೆಮನೆಯಲ್ಲಿ ಹಾದುಹೋಗುವವರ ಹೊಟ್ಟೆಗೆ ತಗಲುತ್ತದೆ. ಹಳೆಯ ಪೇಪರಿನಲ್ಲಿ ಅಳತೆ ಕತ್ತರಿಸಿ ಕಟ್ಟೆಯ ಮೇಲೆ ಹಾಸಿ, ಒಂದು ದಿನ ಅಡುಗೆ ಮಾಡಿ ನೋಡಿ. ತರಕಾರಿ ಹೆಚ್ಚಲು ಜಾಗ ಉಳಿಯದಿದ್ದರೆ ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಸಿಂಕಿನ ಪಕ್ಕ ಇಡಬಹುದು. ಖಾಲಿ ಯಂತ್ರವೇ 20 ಕಿಲೋ ದಾಟುತ್ತದೆ, ಅಲುಗುವ ಟೇಬಲ್ ನಂಬಬೇಡಿ.

ಕರೆಂಟು ಮತ್ತು ಪೈಪು

6 ಆಂಪಿಯರ್ ಸಾಕೆಟ್ಟಿನಿಂದ 230 ವೋಲ್ಟಿನಲ್ಲಿ ಸಿಗುವುದು ಹೆಚ್ಚೆಂದರೆ 1380 ವ್ಯಾಟ್. ಹೀಟರ್ ಹೊತ್ತಿಕೊಂಡಾಗ ಈ ಯಂತ್ರಗಳಲ್ಲಿ ಹಲವು ಅಷ್ಟನ್ನು ಮುಟ್ಟುತ್ತವೆ ಅಥವಾ ದಾಟುತ್ತವೆ. ಆದ್ದರಿಂದ ಗೀಸರ್‌ಗೆ ಇರುವಂಥ 16 ಆಂಪಿಯರ್ ಪವರ್ ಪಾಯಿಂಟ್, ಸರಿಯಾದ ಅರ್ಥಿಂಗ್ ಸಮೇತ, ಬೇಕೇ ಬೇಕು. ದೊಡ್ಡ ಪಿನ್ನಿಗೆ ಚಿಕ್ಕ ಸಾಕೆಟ್ಟಿನ ಕನ್ವರ್ಟರ್ ಸಿಕ್ಕಿಸುವ ಜಾಣತನ ಬೇಡ. ಪ್ಲಗ್ಗು ಕರಗಿದ ವಾಸನೆ ಬಂದ ಮೇಲೆ ಬುದ್ಧಿ ಬಂದರೆ ಪ್ರಯೋಜನವಿಲ್ಲ. ನೀರೂ ಕರೆಂಟೂ ಕೂಡಿರುವ ಜಾಗವಾದ್ದರಿಂದ ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗ್ ಪರೀಕ್ಷಿಸಿಕೊಡಲು ಹೇಳಿ. ಕರೆಂಟು ಹೋಗಿ ಬಂದರೆ ಹಲವು ಯಂತ್ರಗಳು ನಿಲ್ಲಿಸಿದಲ್ಲಿಂದ ಮುಂದುವರಿಯುತ್ತವೆ. ಫ್ಯಾನು ಲೈಟಿಗೆಂದು ಇಟ್ಟ ಇನ್ವರ್ಟರ್ ಲೈನಿಗೆ ಮಾತ್ರ ಇದನ್ನು ಹಚ್ಚಬೇಡಿ.

ಯಂತ್ರದ ನೀರಿನ ಪೈಪಿನ ತುದಿ ಮುಕ್ಕಾಲು ಇಂಚಿನದು, ಮನೆಯ ನಲ್ಲಿಯ ದಾರ ಹೆಚ್ಚಾಗಿ ಅರ್ಧ ಇಂಚಿನದು. ವಾಷಿಂಗ್ ಮಷೀನಿಗೆ ಬಳಸುವ ಅಡಾಪ್ಟರೇ ಸಾಕು, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಸಿಂಕಿನ ನಲ್ಲಿಯನ್ನೇ ಆಗಾಗ ಬಿಚ್ಚಿ ಹಾಕುವ ಬದಲು ಪ್ಲಂಬರ್ ಕೈಲಿ ಪೈಪಿಗೆ ಒಂದು ಕವಲು (ಟೀ ಜೋಡಣೆ) ಹಾಕಿಸಿ, ಯಂತ್ರಕ್ಕೆಂದೇ ಬೇರೆ ಆಂಗಲ್ ಕಾಕ್ (ತಿರುಗಿಸಿ ಮುಚ್ಚುವ ಚಿಕ್ಕ ನಲ್ಲಿ) ಇರಿಸಿಕೊಳ್ಳಿ. ಟೆಫ್ಲಾನ್ ಟೇಪ್ ಅಡಾಪ್ಟರಿಗೂ ನಲ್ಲಿಗೂ ನಡುವಿನ ದಾರಕ್ಕೆ. ಯಂತ್ರದ ಪೈಪ್ ಕೂರುವ ಕಡೆ ಟೇಪ್ ಸುತ್ತಬೇಡಿ. ಅಲ್ಲಿ ಸೋರಿಕೆ ತಡೆಯುವುದು ಒಳಗಿನ ರಬ್ಬರ್ ವಾಷರ್, ಕೈಯಲ್ಲಿ ಬಿಗಿ ಮಾಡಿ ಕಾಲು ಸುತ್ತು ತಿರುಗಿಸಿದರೆ ಸಾಕು. ಗೀಸರ್ ಲೈನಿಗೆ ಕೊಡಬೇಡಿ, ತಣ್ಣೀರಿಗೇ ಕೊಡಿ.

ಈಗ ಅಡುಗೆಮನೆಯ ತುಂಬ ನೀರಾದ ಆ ರಾತ್ರಿಯ ಕಥೆ. ಹೊರಹೋಗುವ ಪೈಪನ್ನು ಸಿಂಕಿನೊಳಗೆ ಸುಮ್ಮನೆ ಇಳಿಬಿಟ್ಟಿದ್ದೆ. ಪಂಪು ಬಿಸಿನೀರನ್ನು ರಭಸವಾಗಿ ತಳ್ಳಿದಾಗ ಪೈಪು ಹಾವಿನಂತೆ ಹೆಡೆಯೆತ್ತಿ, ಸಿಂಕಿನಿಂದ ಹೊರಗೆ ಬಿದ್ದು, ಮಾಡುವ ಕೆಲಸವನ್ನು ನೆಲದ ಮೇಲೆ ಮಾಡಿತು. ಅಂದಿನಿಂದ ಅದನ್ನು ನಲ್ಲಿಯ ಕುತ್ತಿಗೆಗೆ ಪ್ಲಾಸ್ಟಿಕ್ ಟೈನಿಂದ ಕಟ್ಟಿದ್ದೇನೆ. ಕಟ್ಟುವಾಗ ಇನ್ನೆರಡು ಸಂಗತಿ ಗಮನಿಸಿ. ಪೈಪಿನ ತುದಿ ಸಿಂಕಿನಲ್ಲಿ ನಿಂತ ನೀರಿನಲ್ಲಿ ಮುಳುಗಿರಬಾರದು, ಮುಳುಗಿದರೆ ಕೊಳೆ ನೀರು ಯಂತ್ರಕ್ಕೇ ವಾಪಸಾಗಬಹುದು. ಹಾಗೆಯೇ ನೇರವಾಗಿ ನೆಲದ ಬಚ್ಚಲಿಗೆ ಇಳಿಸಿದರೆ ತೊಳೆಯುವ ನಡುವೆಯೇ ನೀರು ತಾನಾಗಿ ಹರಿದು ಖಾಲಿಯಾಗಬಹುದು. ತುದಿ ಎಷ್ಟು ಎತ್ತರದಲ್ಲಿರಬೇಕೆಂದು ಕೈಪಿಡಿಯಲ್ಲಿ ಚಿತ್ರವಿರುತ್ತದೆ. ಸಿಂಕಿನಲ್ಲಿ ತಟ್ಟೆ ಬೋರಲು ಬಿದ್ದು ಬಾಯಿ ಮುಚ್ಚಿಕೊಂಡಿಲ್ಲವೇ ಎಂದು ಪ್ರತಿಸಲ ನೋಡಿ.

ಮೊದಲ ದಿನ

1. ಯಂತ್ರ ಸಮತಟ್ಟಾಗಿ ಕೂತಿದೆಯೇ ನೋಡಿ. ಮೇಲೆ ಒಂದು ತಟ್ಟೆಯಲ್ಲಿ ನೀರಿಟ್ಟರೆ ಯಾವ ಕಡೆ ಓರೆ ಎಂದು ತಿಳಿಯುತ್ತದೆ. ಕಾಲುಗಳನ್ನು ತಿರುಗಿಸಿ ಸರಿಮಾಡಿ.

2. ಉಪ್ಪಿನ ಅರೆಯ ಮುಚ್ಚಳ ತೆಗೆದು, ಮೊದಲ ಸಲ ಮಾತ್ರ, ಅದರ ತುಂಬ ನೀರು ಹಾಕಿ. ನಂತರ ಕೊಟ್ಟಿರುವ ಲಾಳಿಕೆಯಿಂದ ಡಿಶ್‌ವಾಷರ್ ಉಪ್ಪು ಸುರಿಯಿರಿ. ನೀರು ಉಕ್ಕಿ ಹೊರಬರುತ್ತದೆ, ಗಾಬರಿಯಾಗಬೇಡಿ.

3. ಮುಚ್ಚಳದ ಸುತ್ತ ಬಿದ್ದ ಉಪ್ಪನ್ನು ಒರೆಸಿ, ಮುಚ್ಚಳ ಬಿಗಿಯಾಗಿ ಹಾಕಿ, ಪಾತ್ರೆಯಿಲ್ಲದೆ ಒಮ್ಮೆ ಯಂತ್ರ ಓಡಿಸಿ. ಉಪ್ಪುನೀರು ಒಳಗೇ ನಿಂತರೆ ಸ್ಟೀಲು ತುಕ್ಕು ಹಿಡಿಯುತ್ತದೆ.

4. ಅಳೆದ ಗಡಸುತನಕ್ಕೆ ತಕ್ಕ ಮಟ್ಟವನ್ನು ಕೈಪಿಡಿಯ ಕೋಷ್ಟಕ ನೋಡಿ ಹೊಂದಿಸಿ. ಕಾರ್ಖಾನೆಯಿಂದ ಬಂದ ಮಟ್ಟ ನಿಮ್ಮ ಊರಿನ ನೀರಿಗೆಂದು ಇಟ್ಟದ್ದಲ್ಲ.

5. ಬಾಗಿಲಿನ ಚಿಕ್ಕ ಕಿಂಡಿಗೆ ರಿನ್ಸ್ ಏಡ್ (ಕೊನೆಯ ತೊಳೆತದಲ್ಲಿ ನೀರು ಹನಿಯಾಗಿ ನಿಲ್ಲದೆ ಜಾರಿಹೋಗುವಂತೆ ಮಾಡುವ ದ್ರವ) ತುಂಬಿ, ಅದರ ತಿರುಪನ್ನು ನಡುವಿನ ಅಂಕಕ್ಕೆ ಇಡಿ.

ನಾನು ಉಪ್ಪು ಸುರಿಯುವಾಗ ಅವ್ವ ಪಕ್ಕದಲ್ಲಿ ನಿಂತಿದ್ದಳು. "ಉಪ್ಪುನೀರು ಅಂತ ನೀನೇ ಅಳುತ್ತೀಯ. ಈಗ ಅದಕ್ಕೆ ಮತ್ತೆ ಉಪ್ಪು ಹಾಕುತ್ತೀಯಲ್ಲೋ!" ನಗುವಂಥ ಪ್ರಶ್ನೆಯೇನಲ್ಲ. ಅರೆಗೆ ಹೊಂದಿಕೊಂಡ ಇನ್ನೊಂದು ಖಾನೆಯಲ್ಲಿ ರಾಳದ ಸಣ್ಣ ಮಣಿಗಳಿರುತ್ತವೆ. ಅವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿ ಬಂದಾಗ ಉಪ್ಪಿನ ದ್ರಾವಣ ಅವುಗಳನ್ನು ತೊಳೆದು ಮತ್ತೆ ಕೆಲಸಕ್ಕೆ ಅಣಿ ಮಾಡುತ್ತದೆ, ಆ ನೀರು ಹೊರಗೆ ಹೋಗುತ್ತದೆ. ಅಂದರೆ ಉಪ್ಪು ಹಾಕುವುದು ಮಣಿಗಳಿಗೆ, ಪಾತ್ರೆಗಲ್ಲ. ಅಡುಗೆಯ ಪುಡಿ ಉಪ್ಪಿನಲ್ಲಿ ಅಯೋಡಿನ್ ಮತ್ತು ಗಂಟುಕಟ್ಟದಂತೆ ಬೆರೆಸಿದ ವಸ್ತುಗಳಿರುತ್ತವೆ, ಕಲ್ಲುಪ್ಪಿನಲ್ಲಿ ಮಣ್ಣು, ಮೆಗ್ನೀಸಿಯಂ ಇರುತ್ತವೆ. ಎರಡೂ ಬೇಡ. ತಪ್ಪಿಯೂ ಸೋಪಿನ ಪುಡಿಯನ್ನು ಈ ಅರೆಗೆ ಸುರಿಯಬೇಡಿ, ಮಣಿಗಳು ಹಾಳಾಗುತ್ತವೆ.

ಸೋಪಿನ ವಿಷಯ. ಕೈಯಲ್ಲಿ ತಿಕ್ಕುವ ಲಿಕ್ವಿಡ್ ಒಂದು ಚಮಚ ಹಾಕಿದರೂ ನೊರೆ ಬಾಗಿಲಿನ ಸಂದಿಯಿಂದ ಹೊರಬರುತ್ತದೆ. ಡಿಶ್‌ವಾಷರ್‌ಗೆಂದೇ ಇರುವ ಪುಡಿ ಅಥವಾ ಮಾತ್ರೆ ಬಳಸಿ. ಚಿಕ್ಕ ಯಂತ್ರಕ್ಕೆ ನನ್ನ ಆಯ್ಕೆ ಪುಡಿಯೇ. ಮಾತ್ರೆಗಳ ಅಳತೆ ದೊಡ್ಡ ಯಂತ್ರಕ್ಕೆ ಹೊಂದುವಂಥದ್ದು, ಅರ್ಧ ಗಂಟೆಯ ಪ್ರೋಗ್ರಾಮಿನಲ್ಲಿ ಪೂರ್ತಿ ಕರಗುವುದೂ ಇಲ್ಲ. ಪುಡಿಯನ್ನಾದರೆ ದೊಡ್ಡ ಯಂತ್ರಕ್ಕೆ ಹೇಳಿದ್ದರ ಅರ್ಧದಿಂದ ಶುರುಮಾಡಿ, ಜಿಡ್ಡು ಉಳಿದರೆ ಏರಿಸಬಹುದು. 'ಎಲ್ಲವೂ ಒಂದರಲ್ಲೇ' ಎನ್ನುವ ಮಾತ್ರೆ ಹಾಕಿದರೆ ಉಪ್ಪು ಬೇಡ ಎನ್ನುವವರಿದ್ದಾರೆ. ಅದು ಒಂದು ಮಟ್ಟದ ಗಡಸುತನದವರೆಗೆ ಮಾತ್ರ ನಿಜ. ಪುಡಿ ಬಹಳ ತೀಕ್ಷ್ಣವಾದ ಕ್ಷಾರ, ಮಕ್ಕಳ ಕೈಗೆ ಸಿಗದಂತೆ ಮೇಲೆ ಇಡಿ.

ಏನು ಹಾಕಬಾರದು

ಬೀಡಿನ ದೋಸೆ ಹಂಚು, ರೊಟ್ಟಿ ಹಂಚು: ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ ಮೈ ಒಂದೇ ತೊಳೆತಕ್ಕೆ ಹೋಗಿ, ಬೆಳಗಾಗುವಷ್ಟರಲ್ಲಿ ತುಕ್ಕು. ಅಲ್ಯೂಮಿನಿಯಂ, ಹಿಂಡಾಲಿಯಂ ಪಾತ್ರೆಗಳು ಕಪ್ಪಾಗುತ್ತವೆ. ಇಡ್ಲಿ ತಟ್ಟೆ ಸ್ಟೀಲಿನದಾದರೆ ಹಾಕಿ, ಅಲ್ಯೂಮಿನಿಯಂ ಆದರೆ ಕೈಯಲ್ಲೇ ತೊಳೆಯಿರಿ. ಹಿತ್ತಾಳೆ, ತಾಮ್ರ, ಕಂಚು ಬೇಡ. ಬೆಳ್ಳಿ ಲೋಟವೂ ಬೇಡ. ಮರದ ಸೌಟು, ಮಣೆ, ಮುದ್ದೆ ಕೋಲು ಸೀಳುತ್ತವೆ. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್, ವೆಯ್ಟ್, ಸೇಫ್ಟಿ ವಾಲ್ವ್ ಯಂತ್ರದ ಹತ್ತಿರವೂ ಸುಳಿಯಬಾರದು. ವಾಲ್ವಿನ ಕಿಂಡಿಯಲ್ಲಿ ಕಸ ಕೂತರೆ ಅಪಾಯ. ನಾನ್‌ಸ್ಟಿಕ್ ತವೆಯ ಮೇಲೆ 'ಡಿಶ್‌ವಾಷರ್ ಸೇಫ್' ಎಂದಿದ್ದರೂ ನಾನು ಹಾಕುವುದಿಲ್ಲ. ಅದು ನನ್ನ ಹಟ, ನೀವು ಪಾಲಿಸಬೇಕಿಲ್ಲ.

ಮುಸುರೆ ಜೋಡಿಸುವುದು

ನಿಜವಾದ ಕಸುಬು ಇರುವುದು ಇಲ್ಲಿ. ಈ ಯಂತ್ರಗಳನ್ನು ಚಪ್ಪಟೆ ಪಿಂಗಾಣಿ ತಟ್ಟೆಯ ಜನರಿಗಾಗಿ ಮಾಡಿದ್ದಾರೆ. ನಮ್ಮ ತಟ್ಟೆಗೆ ಅಂಚು ಇದೆ, ಸ್ಟೀಲ್ ಲೋಟ ಒಂದರೊಳಗೊಂದು ಕೂರಲು ಹಾತೊರೆಯುತ್ತದೆ, ಸಾರಿನ ಪಾತ್ರೆ ಬುಟ್ಟಿಗಿಂತ ದೊಡ್ಡದು.

ಮೊದಲು ಎಂಜಲು ಬಳಿಯಿರಿ. ತೊಳೆದು ಹಾಕಬೇಕಿಲ್ಲ. ಜಿಡ್ಡು, ಸಾರಿನ ಕಲೆ ಇರಲಿ; ಪುಡಿಯಲ್ಲಿನ ಕಿಣ್ವಗಳಿಗೆ ತಿನ್ನಲು ಏನಾದರೂ ಬೇಕಲ್ಲ. ಘನ ಪದಾರ್ಥ ಮಾತ್ರ ಇರಕೂಡದು. ಮುಖ್ಯವಾಗಿ ಒಗ್ಗರಣೆಯ ಸಾಮಾನು: ಸಾಸಿವೆ, ಕರಿಬೇವಿನ ಕಡ್ಡಿ, ಮೆಣಸಿನಕಾಯಿ ಬೀಜ. ತಳದಲ್ಲಿ ನೀರು ಚಿಮ್ಮುತ್ತ ತಿರುಗುವ ರೆಕ್ಕೆಯ ತೂತಿಗೂ ಸಾಸಿವೆ ಕಾಳಿಗೂ ಹೇಳಿಮಾಡಿಸಿದ ಜೋಡಿ. ನಮ್ಮ ಮನೆಯಲ್ಲಿ ಮಂಡಕ್ಕಿ ಒಗ್ಗರಣೆಯಾದ ಸಂಜೆ ನಾನು ತಟ್ಟೆಗಳನ್ನು ಎರಡು ಸಲ ಕೊಡವುತ್ತೇನೆ.

ರಾಗಿ ಮುದ್ದೆಯ ಪಾತ್ರೆ ಬೇರೆಯೇ ಅಧ್ಯಾಯ. ತಳದಲ್ಲಿ ಹತ್ತಿದ ಹಿಟ್ಟು ಒಣಗಿದರೆ ಸಿಮೆಂಟು. ಯಂತ್ರ ಅದನ್ನು ಬಿಸಿನೀರಿನಲ್ಲಿ ಇನ್ನಷ್ಟು ಬೇಯಿಸಿ ಕೊಡುತ್ತದೆ, ತೆಗೆಯುವುದಿಲ್ಲ. ಊಟಕ್ಕೆ ಕೂರುವ ಮೊದಲೇ ಅದಕ್ಕೆ ನೀರು ಹಾಕಿಡಿ, ಎದ್ದ ಮೇಲೆ ಮರದ ಸೌಟಿನಿಂದ ಕೆರೆದು ತೆಗೆಯಿರಿ. ಅಷ್ಟಾದ ಮೇಲೆ ಉಳಿದದ್ದು ಎರಡು ನಿಮಿಷದ ಕೆಲಸ. ನಾನು ಅದನ್ನು ಯಂತ್ರಕ್ಕೆ ಹಾಕುವುದನ್ನೇ ಬಿಟ್ಟಿದ್ದೇನೆ. ಅನ್ನದ ಪಾತ್ರೆಗೂ ನೆನೆಯುವುದೇ ಮದ್ದು.

ಚಿಕ್ಕ ಯಂತ್ರಗಳಲ್ಲಿ ಹೆಚ್ಚಾಗಿ ಒಂದೇ ಬುಟ್ಟಿ, ನೀರು ಕೆಳಗಿನಿಂದ ಮೇಲಕ್ಕೆ ಚಿಮ್ಮುತ್ತದೆ. ಆದ್ದರಿಂದ ಕೊಳೆಯಾದ ಮುಖ ಕೆಳಗೆ ಅಥವಾ ನಡುವಿಗೆ ತಿರುಗಿರಬೇಕು. ಅಂಚಿನ ತಟ್ಟೆಗಳನ್ನು ಒಂದು ಸಾಲು ಬಿಟ್ಟು ಒಂದರಲ್ಲಿ ನಿಲ್ಲಿಸಿ. ಬಟ್ಟಲು, ಲೋಟ ಬೋರಲು ಹಾಕಿ ಸ್ವಲ್ಪ ಓರೆ ಮಾಡಿ, ತಳದ ಗುಳಿಯಲ್ಲಿ ನೀರು ನಿಲ್ಲುವುದಿಲ್ಲ. ಚಮಚಗಳು ಒಂದರ ಬೆನ್ನಿಗೊಂದು ಅಂಟಿಕೊಳ್ಳದಂತೆ ಕೆಲವು ತಲೆ ಮೇಲೆ, ಕೆಲವು ತಲೆ ಕೆಳಗೆ. ಚಾಕುವಿನ ಮೊನೆ ಕೆಳಗೇ ಇರಲಿ. ದೊಡ್ಡ ಪಾತ್ರೆಯನ್ನು ನಡುವೆ ಬೋರಲು ಹಾಕಿದರೆ ಅದು ಕೊಡೆ ಹಿಡಿದಂತೆ, ಮೇಲಿರುವ ಯಾವುದಕ್ಕೂ ನೀರು ತಾಗದು. ಮೂಲೆಗೆ ಓರೆಯಾಗಿ ಒರಗಿಸಿ. ಕೊನೆಗೆ ರೆಕ್ಕೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡಿ. ಬುಟ್ಟಿಯಿಂದ ಇಳಿಬಿದ್ದ ಒಂದು ಚಮಚದ ಹಿಡಿ ಅದನ್ನು ತಡೆದರೆ ಮೂರು ಗಂಟೆ ಕಳೆದ ಮೇಲೆ ಅದೇ ಮುಸುರೆ, ಬಿಸಿಯಾಗಿ, ನಿಮ್ಮ ಕೈಗೆ ಬರುತ್ತದೆ.

ನಮ್ಮ ಲೆಕ್ಕ ಹೀಗೆ: ಬೆಳಗಿನ ತಿಂಡಿ, ಮಧ್ಯಾಹ್ನದ ಡಬ್ಬಿ, ರಾತ್ರಿ ಊಟದ ತಟ್ಟೆ ಲೋಟ ಬಟ್ಟಲು ಸೇರಿ ರಾತ್ರಿ ಒಂದು ಸಲ. ಬೆಳಗಿನವು ಒಳಗೇ ಕಾಯುತ್ತವೆ, ಬಾಗಿಲು ಮುಚ್ಚಿದ್ದರಿಂದ ಜಿರಲೆ ಇಲ್ಲ. ಹಂಚು, ಬಾಣಲೆ, ದೊಡ್ಡ ಪಾತ್ರೆ ಕೈಗೆ. ಮೂರು ಜನರ ಮನೆಗೆ ಇದು ಸರಿಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ನೆಂಟರೆಲ್ಲ ಬಂದಿಳಿದಾಗ ಯಂತ್ರದ ಮೇಲೊಂದು ಬಟ್ಟೆ ಹೊದಿಸಿ, ಬಚ್ಚಲಲ್ಲಿ ಕೂತು ಡಬರಿ ತಿಕ್ಕುವುದೇ ವಾಸಿ.

ಯಾವ ಪ್ರೋಗ್ರಾಂ

ಕರೆಂಟು ಉಳಿಸುವ ಪ್ರೋಗ್ರಾಮಿನ ಹೆಸರು ಇಕೋ. ಅದು ಮೂರು ಗಂಟೆ ಓಡುತ್ತದೆ, ಕರೆಂಟು ಹೇಗೆ ಉಳಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಇದರಲ್ಲಿ ಕರೆಂಟು ತಿನ್ನುವುದು ನೀರು ಕಾಯಿಸುವ ಕೆಲಸ, ಪಂಪಿನದು ಅಲ್ಪ. ಕಡಿಮೆ ಬಿಸಿಯಲ್ಲಿ ಹೆಚ್ಚು ಹೊತ್ತು ನೆನೆಸಿ ತೊಳೆಯುವುದೇ ಇಕೋ ಗುಟ್ಟು. 6 ಜನರ ಅಳತೆಯ ಯಂತ್ರ ಇದಕ್ಕೆ ಸುಮಾರು 6.5ರಿಂದ 8 ಲೀಟರ್ ನೀರು, ಒಂದು ಯೂನಿಟ್ಟಿಗಿಂತ ಕಡಿಮೆ ಕರೆಂಟು ಬಳಸುತ್ತದೆ. ನಾನೊಮ್ಮೆ ಸಿಂಕಿನ ಕೆಳಗಿನ ಪೈಪು ಬಿಚ್ಚಿ ಬಕೆಟ್ ಇಟ್ಟು ಅದೇ ಪಾತ್ರೆಗಳನ್ನು ನಲ್ಲಿ ಬಿಟ್ಟುಕೊಂಡು ತೊಳೆದೆ. ಎರಡು ಬಕೆಟ್ ತುಂಬಿ ಮೂರನೆಯದಕ್ಕೆ ಬಂದಿತ್ತು.

ಆದರೆ ದಿನಾ ಇಕೋ ಎಂಬ ಶಪಥ ಬೇಡ. ದಾವಣಗೆರೆಯಲ್ಲಿ ಕೂತು ಬೆಣ್ಣೆ ದೋಸೆಯ ಮಾತೆತ್ತದೆ ಮುಗಿಸಲಾಗದು: ಭಾನುವಾರ ಮನೆಯಲ್ಲಿ ದೋಸೆಯಾದರೆ ತಟ್ಟೆಗಳೆಲ್ಲ ಬೆಣ್ಣೆ, ಚಟ್ನಿ ಬಟ್ಟಲೂ ಬೆಣ್ಣೆ. ಅರ್ಧ ಗಂಟೆಯ ಕ್ವಿಕ್ ಪ್ರೋಗ್ರಾಮಿನ ಉಗುರುಬೆಚ್ಚಗಿನ ನೀರು ಆ ಬೆಣ್ಣೆಯನ್ನು ಕರಗಿಸಿ ಎಲ್ಲ ಪಾತ್ರೆಗೂ ಸಮನಾಗಿ ಸವರುತ್ತದೆ, ಉಳಿದದ್ದನ್ನು ಫಿಲ್ಟರಿನಲ್ಲಿ ಕಟ್ಟುತ್ತದೆ. ಅಂಥ ದಿನ 65 ಡಿಗ್ರಿ ಮೇಲಿನ ಇಂಟೆನ್ಸಿವ್ ಹಾಕಿ. ಕ್ವಿಕ್ ಇರುವುದು ಕಾಫಿ ಲೋಟಗಳಿಗೆ.

ಅರಿಶಿನ ಹಿಡಿದ ಪ್ಲಾಸ್ಟಿಕ್ ಡಬ್ಬಿ ಯಾವ ಪ್ರೋಗ್ರಾಮಿಗೂ ಜಗ್ಗದು. ತೊಳೆದು ಬಾಲ್ಕನಿಯ ಬಿಸಿಲಿಗಿಡಿ, ಎರಡು ದಿನದಲ್ಲಿ ಹಳದಿ ತಾನೇ ಮಂಕಾಗುತ್ತದೆ.

ಮುಗಿದ ಕೂಡಲೇ ಬಾಗಿಲು ತೆಗೆಯಬೇಡಿ. ಕಾಲು ಗಂಟೆ ಬಿಟ್ಟು ತೆರೆದಿಡಿ, ಪಾತ್ರೆಯ ಬಿಸಿಗೇ ನೀರು ಆರುತ್ತದೆ. ಮೇಲೆ ಪ್ಲೈವುಡ್ ಕಪಾಟು ಇದ್ದರೆ ಯಂತ್ರವನ್ನು ಸ್ವಲ್ಪ ಮುಂದಕ್ಕೆ ಎಳೆದಿಡಿ, ಇಲ್ಲದಿದ್ದರೆ ಆವಿ ತಾಗಿ ಅದರ ಅಂಚು ಉಬ್ಬುತ್ತದೆ. ಪ್ಲಾಸ್ಟಿಕ್ ಒದ್ದೆಯಾಗಿಯೇ ಇರುತ್ತದೆ, ಅದಕ್ಕೆ ಬಿಸಿ ಹಿಡಿದಿಡುವ ಶಕ್ತಿಯಿಲ್ಲ. ಒರೆಸಿಕೊಳ್ಳಿ.

ಯಂತ್ರದ ಆರೈಕೆ

ವಾರಕ್ಕೊಮ್ಮೆ ತಳದ ಫಿಲ್ಟರನ್ನು ತಿರುಗಿಸಿ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಲ್ಲಿಯ ಕೆಳಗೆ ಉಜ್ಜಿ. ಮೊದಲ ಸಲ ತೆಗೆದಾಗ ನನ್ನದರಲ್ಲಿ ಸಿಕ್ಕದ್ದು: ಹನ್ನೊಂದು ಸಾಸಿವೆ, ಒಂದು ಹುಣಸೆ ನಾರು, ಕಡಲೆಬೇಳೆಯ ಅರ್ಧ, ಮತ್ತು ಹೆಂಡತಿ ಎರಡು ದಿನ ಹುಡುಕಿದ್ದ ಕಿವಿಯೋಲೆಯ ತಿರುಪು. ಫಿಲ್ಟರ್ ಇಲ್ಲದೆ ಯಂತ್ರ ಓಡಿಸಬೇಡಿ, ಕಸ ನೇರ ಪಂಪಿಗೆ ಹೋಗುತ್ತದೆ. ರೆಕ್ಕೆಯ ತೂತುಗಳನ್ನು ಹಲ್ಲುಕಡ್ಡಿಯಿಂದ ಬಿಡಿಸಿ. ಬಾಗಿಲಿನ ಕೆಳ ಅಂಚಿನ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರು ಅಲ್ಲಿಗೆ ತಲುಪುವುದಿಲ್ಲವಾದ್ದರಿಂದ ಜಿಡ್ಡು ಅಲ್ಲೇ ಕೂರುತ್ತದೆ. ಬೋರ್‌ವೆಲ್ ನೀರಿನ ಮನೆಯಲ್ಲಿ ಇನ್ನೊಂದು ಕೆಲಸ: ನೀರು ಒಳಹೋಗುವ ಪೈಪಿನ ಬಾಯಲ್ಲಿ ಚಿಕ್ಕ ಜಾಲರಿಯಿದೆ, ಮರಳು ಕಟ್ಟುತ್ತದೆ. ಕೆಲವು ತಿಂಗಳಿಗೊಮ್ಮೆ ಆಂಗಲ್ ಕಾಕ್ ಮುಚ್ಚಿ, ಬಿಚ್ಚಿ ತೊಳೆಯಿರಿ.

ತಿಂಗಳಿಗೊಮ್ಮೆ ಖಾಲಿ ಯಂತ್ರಕ್ಕೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಬಿಸಿ ಪ್ರೋಗ್ರಾಮಿನಲ್ಲಿ ಓಡಿಸಿದರೆ ಸುಣ್ಣ ಬಿಡುತ್ತದೆ. ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಅದರ ಜೊತೆ ಬ್ಲೀಚ್ ಸೇರಿಸಬೇಡಿ, ವಿಷಾನಿಲ ಹುಟ್ಟುತ್ತದೆ.

ಗಾಜಿನ ಮೇಲೆ ಬಿಳಿ ಕಂಡರೆ ಯಂತ್ರಕ್ಕೆ ಬೈಯುವ ಮೊದಲು ನಿಂಬೆಹೋಳಿನಿಂದ ಉಜ್ಜಿ ನೋಡಿ. ಹೋದರೆ ಅದು ಸುಣ್ಣ: ಉಪ್ಪು ಮುಗಿದಿದೆ, ಅಥವಾ ಗಡಸುತನದ ಮಟ್ಟ ಏರಿಸಬೇಕು. ಹೋಗದಿದ್ದರೆ ಗಾಜೇ ಸವೆದಿದೆ. ನೀರು ಅತಿ ಮೆದುವಾಗಿ, ಪುಡಿ ಅತಿ ಹೆಚ್ಚಾದಾಗ ಹೀಗಾಗುತ್ತದೆ, ಆ ಲೋಟ ಮತ್ತೆ ಹೊಳೆಯುವುದಿಲ್ಲ. ಪುಡಿ ಕಡಿಮೆ ಮಾಡಿ ಉಳಿದವನ್ನು ಉಳಿಸಿಕೊಳ್ಳಿ. ಗಾಜಿನ ಮೇಲೆ ನೀಲಿ ಛಾಯೆ, ಗೆರೆ ಕಂಡರೆ ರಿನ್ಸ್ ಏಡ್ ಹೆಚ್ಚಾಗಿದೆ, ತಿರುಪನ್ನು ಒಂದು ಅಂಕ ಇಳಿಸಿ. ನೀರಿನ ಹನಿಯ ಗುರುತು ಉಳಿದರೆ ಒಂದು ಅಂಕ ಏರಿಸಿ. ಮೊಟ್ಟೆಯ ವಾಸನೆ ಬಂದರೆ ಫಿಲ್ಟರ್ ನೋಡಿ, ಸಾಮಾನ್ಯವಾಗಿ ಅಲ್ಲೇ ಇರುತ್ತದೆ ಕಳ್ಳ.

ವಾರಗಟ್ಟಲೆ ಊರಿಗೆ ಹೋಗುವಾಗ ಆಂಗಲ್ ಕಾಕ್ ಮುಚ್ಚಿ, ಪ್ಲಗ್ಗು ಕಿತ್ತು, ಫಿಲ್ಟರ್ ತೊಳೆದು ಒಣಗಿಸಿ ಬುಟ್ಟಿಯ ಮೇಲಿಡಿ. ಬಾಗಿಲು ಪೂರ್ತಿ ಮುಚ್ಚದಂತೆ ಸಂದಿಗೆ ಒಂದು ಮಡಿಸಿದ ಬಟ್ಟೆ ಸಿಕ್ಕಿಸಿ. ನಾನು ಇಡುವುದು ಅವ್ವನ ಹಳೆಯ ಸೀರೆಯ ತುಂಡು, ಒಲೆಯ ಮೇಲಿಂದ ಬಿಸಿ ಪಾತ್ರೆ ಇಳಿಸಲು ಅವಳೇ ಹರಿದು ಕೊಟ್ಟದ್ದು.